ಕೊಕ್ಕೆ ಹಾಕದ ಗೀಟು

ಫೆಬ್ರವರಿ 9

ಬೆರಳಚ್ಚಮ್ಮ,

ಅದನ್ನೇ ಹೇಳುತ್ತಿದ್ದೆ, ಅಷ್ಟರಲ್ಲಿ ನಿನ್ನೆ ಫೋನು ಕಟ್ಟಾಯಿತು. ಆ ಮನುಷ್ಯ ಬಲಗೈಯನ್ನು ಜೇಬಿನಿಂದ ಹೊರಗೆ ತೆಗೆಯಲೇ ಇಲ್ಲ. ಎಡಗೈಯಲ್ಲೇ ಬಾಗಿಲು ತಟ್ಟಿದ. ನಾನೋ ಮೂರು ದಿನದಿಂದ ನಲ್ಲಿ ರಿಪೇರಿಯವನ ದಾರಿ ಕಾಯುತ್ತಿದ್ದವನು, "ಬಾರಪ್ಪ ಮಹಾರಾಯ, ಈಗ ದಯಮಾಡಿಸಿದೆಯಾ" ಎಂದು ಸೀದಾ ಬಚ್ಚಲಿಗೇ ಕರೆದುಕೊಂಡು ಹೋದೆ. ಅವನೂ ಬಂದ. ಬಗ್ಗಿ ನೋಡಿದ. ಎಡಗೈಯಲ್ಲೇ ತಿರುವಿ, "ವಾಷರ್ ಹೋಗಿದೆ ಸಾರ್. ಆದ್ರೆ ನಾನು ಇದಕ್ಕೆ ಬಂದವನಲ್ಲ" ಅಂದ.

"ಮತ್ಯಾಕಯ್ಯಾ ಬಂದೆ?"

"ನೀವು ಬರೆದದ್ದನ್ನ ನಿಮಗೇ ತೋರಿಸೋಕೆ."

ಮುಖ ಗುರುತಾಗಲಿಲ್ಲ. ನನಗೆ ಯಾವ ಸಾಕ್ಷಿಯ ಮುಖವೂ ಗುರುತಾಗುವುದಿಲ್ಲ, ಅದು ನಿನಗೂ ಗೊತ್ತು. ಸ್ಟೆನೋ ಆದವನು ಆಡುವವರ ಬಾಯಿ ನೋಡಬೇಕು, ಇಲ್ಲ ತನ್ನ ಪುಸ್ತಕ ನೋಡಬೇಕು. ಮೂವತ್ತಾರು ವರ್ಷ ಕಾರ್ಮಿಕರ ಪರಿಹಾರದ ಕೋರ್ಟಿನಲ್ಲಿ ಕೂತು ನಾನು ಕಂಡದ್ದು ತುಟಿಗಳು, ಮತ್ತೆ ಇಲ್ಲದ ಬೆರಳುಗಳು. ಅವನು ಜೇಬಿನಿಂದ ಕೈ ತೆಗೆದ ಮೇಲೆ ಗುರುತು ಸಿಕ್ಕಿತು. ಹೆಬ್ಬೆರಳೊಂದು ಬಿಟ್ಟರೆ ಉಳಿದದ್ದೆಲ್ಲ ಒಂದೇ ಗೆರೆಯಲ್ಲಿ ಹೋಗಿದೆ. ರಟ್ಟಿನ ಪೆಟ್ಟಿಗೆ ಕಾರ್ಖಾನೆ, ರಟ್ಟು ಕತ್ತರಿಸುವ ಮೆಷಿನ್ನು, ಹದಿನೆಂಟು ವರ್ಷದ ಹಿಂದಿನ ಕೇಸು. ಹೆಸರು ಬೇಡ, ರಟ್ಟಿನವನು ಎನ್ನೋಣ.

ಚೀಲದಿಂದ ಸಾಕ್ಷಿ ಹೇಳಿಕೆಯ ನಕಲು ತೆಗೆದ. ಮಡಿಕೆಯಲ್ಲಿ ಹರಿದು, ಟೇಪು ಹಚ್ಚಿ, ಆ ಟೇಪೂ ಹಳದಿಯಾಗಿದೆ. ಕೊನೆಯಲ್ಲಿ ನನ್ನ ಸಹಿ: 'ನಾನು ಬರೆದುಕೊಂಡದ್ದಕ್ಕೆ ಸರಿಯಾಗಿದೆ.' ಮೂವತ್ತಮೂರನೆಯ ಹಾಳೆಯ ಮೇಲೆ ಆ ಹೆಬ್ಬೆರಳಿಟ್ಟು ಹೇಳಿದ:

"ಇಲ್ಲಿ, ಟೀ ಆದ್ಮೇಲೆ, ಬ್ಲೇಡಿನ ಮುಂದಿನ ಗಾರ್ಡು ಬಿಚ್ಚಿದ್ದು ಯಾರು ಅಂತ ಫೋರ್‌ಮನ್ನನ್ನ ಪೀಠದಲ್ಲಿದ್ದ ಕಮಿಷನರ್ರೇ ಕೇಳಿದ್ರು. ಅವನು, ನಾನೇ ಹಿಂದಿನ ದಿನ ಬಿಚ್ಚಿಸಿದೆ, ಕೆಲಸ ನಿಧಾನ ಆಗ್ತಿತ್ತು ಅಂದ. ನಾನು ಕಿವಿಯಾರೆ ಕೇಳಿದೀನಿ ಸಾರ್. ನನ್ನ ವಕೀಲ ಆಗ ಪಕ್ಕದ ಕೋಣೇಲಿ ಇನ್ನೊಂದು ಕೇಸಿಗೆ ಹೋಗಿದ್ದ. ಆಮೇಲೆ ಆ ಕಮಿಷನರ್‌ಗೆ ವರ್ಗ ಆಯ್ತು. ಹೊಸಬರು ಬಂದು ಕಾಗದ ನೋಡಿ, ಕೆಲಸಗಾರ ತಾನೇ ಗಾರ್ಡು ಬಿಚ್ಚಿ ಕೈ ಕೊಟ್ಟಿದ್ದಾನೆ, ಪರಿಹಾರ ಇಲ್ಲ ಅಂತ ಬರೆದ್ರು. ಹದಿನೆಂಟು ವರ್ಷದಿಂದ ಎಲ್ರೂ ಹೇಳ್ತಾರೆ, ನಿನಗೆ ಕನಸು ಬಿದ್ದಿರಬೇಕು ಅಂತ. ಕನಸಾ ಸಾರ್?"

ನಾನು ಏನು ಹೇಳಿದೆ ಗೊತ್ತೇ? ರೆಕಾರ್ಡಿನಲ್ಲಿ ಇಲ್ಲ ಅಂದರೆ ಹೇಳಿಲ್ಲ ಅಂತಲೇ ಅರ್ಥ ಅಂದೆ. ಕಾಲೇಜಿನ ಇಂಗ್ಲಿಷ್ ಮೇಷ್ಟ್ರ ಹಾಗೆ ಕತ್ತೆತ್ತಿ, "ವಾಟ್ ಈಸ್ ನಾಟ್ ರಿಟನ್ ಈಸ್ ನಾಟ್..." ಎಂದು ಶುರುಮಾಡಿ, ಮುಂದೇನು ಬರಬೇಕೋ ಮರೆತು ಕೆಮ್ಮಿದೆ.

ಅವನು ಜಗಳಕ್ಕೆ ಬರಲಿಲ್ಲ. ಪುನರ್ವಿಚಾರಣೆಗೆ ಅರ್ಜಿ ಹಾಕಿದ್ದಾನಂತೆ. ಹೊಸ ಪುರಾವೆ ಏನಾದರೂ ಇದ್ದರೆ ಏಪ್ರಿಲ್ ಮುಗಿಯುವುದರೊಳಗೆ ತರಬೇಕು, ಇಲ್ಲದಿದ್ದರೆ ಫೈಲು ಮುಚ್ಚಿ ಹಳೆ ಕಾಗದದ ಜೊತೆ ಸುಡುತ್ತಾರಂತೆ. ಫೋರ್‌ಮನ್ ಸತ್ತು ಆರು ವರ್ಷವಾಯಿತು. ಹೊರಡುವ ಮುಂಚೆ ಬಚ್ಚಲಿಗೆ ಹೋಗಿ ಏನೋ ಮಾಡಿದ. ಬಾಗಿಲಲ್ಲಿ ನಿಂತು, "ನಿಮ್ಮ ಕೈ ಆಡ್ತಾ ಇತ್ತು ಸಾರ್, ಅವನು ಉತ್ತರ ಹೇಳುವಾಗ. ನನ್ನ ಕೈ ಹೋದ್ಮೇಲೆ ನಾನು ಎಲ್ಲರ ಕೈ ನೋಡ್ತೀನಿ" ಅಂದ.

ನನ್ನ ಶಾರ್ಟ್‌ಹ್ಯಾಂಡ್ ಪುಸ್ತಕಗಳು ಅಮ್ಮನ ಹೊಲಿಗೆ ಮೆಷಿನ್ನಿನ ಪಕ್ಕದ ಟ್ರಂಕಿನಲ್ಲಿದ್ದವಲ್ಲ? ಹೋದ ಸಲ ನೀನು ಬಂದಾಗ ಮನೆ ಒಪ್ಪ ಮಾಡಿದೆ. ಆ ಟ್ರಂಕು ಎಲ್ಲಿಟ್ಟೆ? ಸುಮ್ಮನೆ ಕೇಳಿದೆ, ಅಷ್ಟೇ.

ನಲ್ಲಿ ಈಗ ತೊಟ್ಟಿಕ್ಕುವುದಿಲ್ಲ.

ನಿನ್ನ ಅಪ್ಪ


ಫೆಬ್ರವರಿ 20

ಅಪ್ಪ,

ಪತ್ರ ತಲುಪಿತು. ಇಲ್ಲಿಯ ಕೋರ್ಟಿನಲ್ಲಿ ಬೆಳಿಗ್ಗೆ ಒಂದು ವಿಚಾರಣೆ, ಮಧ್ಯಾಹ್ನ ಒಂದು, ಬೆರಳು ನೆಟ್ಟಗಾಗುವುದಿಲ್ಲ. ಚಿಕ್ಕದಾಗಿ ಬರೆಯುತ್ತೇನೆ.

ಪುಸ್ತಕ ಹುಡುಕಬೇಡ. ಐದು ವರ್ಷ ಕಳೆದ ಮೇಲೆ ಸ್ಟೆನೋ ತನ್ನ ಪುಸ್ತಕ ಇಟ್ಟುಕೊಂಡಿರಬೇಕೆಂದು ನಿಯಮವೇ ಇಲ್ಲ. ಟ್ರಂಕು ಅಟ್ಟದ ಮೇಲಿದೆ, ಭಾರವಿದೆ, ಸೊಂಟ ಹಿಡಿದರೆ ನೋಡುವವರಿಲ್ಲ. ಆ ಮನುಷ್ಯ ಮತ್ತೆ ಬಂದರೆ ಒಳಗೆ ಕರೆಯಬೇಡ. ನೀನು ಮಾತಿಗೆ ನಿಂತರೆ ಬಾಯಿಗೆ ಬೀಗವಿಲ್ಲ. ಒಂದು ಮಾತು ಬಿದ್ದರೆ ಅವನಿಗೆ ಸಾಕು.

ಜೂನ್‌ನಲ್ಲಿ ನಮ್ಮ ಸ್ಟೆನೋ ವಿಭಾಗಕ್ಕೆ ಹೊಸ ಮೇಲ್ವಿಚಾರಕರನ್ನು ನೇಮಿಸುತ್ತಾರೆ. ಪಟ್ಟಿಯಲ್ಲಿ ನನ್ನ ಹೆಸರು ಮೊದಲಿದೆ. ಹದಿನಾಲ್ಕು ವರ್ಷದಲ್ಲಿ ಇವರ ಪ್ರತಿಯ ಮೇಲೆ ಒಂದು ಆಕ್ಷೇಪಣೆಯೂ ಬಂದಿಲ್ಲ ಎಂದು ಷರಾ ಬರೆದಿದ್ದಾರೆ. ಇದನ್ನು ಇಲ್ಲಿ ಯಾಕೆ ಹೇಳಿದೆನೋ.

ಓದಿ ಹರಿದುಬಿಡು.

ನಿನ್ನ ಮಗಳು


ಮಾರ್ಚ್ 6

ಬೆರಳಚ್ಚಮ್ಮ,

ಹರಿಯಲಿಲ್ಲ. ಬರೆದದ್ದನ್ನು ಹರಿಯುವ ಕೈ ನನ್ನದಲ್ಲ. ಟ್ರಂಕನ್ನೂ ಇಳಿಸಿದೆ. ಸೊಂಟ ಹಿಡಿಯಿತು. ನೀನು ಹೇಳಿದ್ದೇ ಆಯಿತು, ಸಂತೋಷವಾಯಿತೇ? ಎರಡು ದಿನ ಮಲಗಿ, ಮೂರನೆಯ ದಿನ ಕಿಟಕಿ ಪಕ್ಕ ಕುರ್ಚಿ ಹಾಕಿಕೊಂಡು ಒಂದೊಂದೇ ಪುಸ್ತಕ ಬಿಚ್ಚಿದೆ.

ಸಿಕ್ಕಿತು.

ನನ್ನ ಚಾಳಿ ನಿನಗೆ ಗೊತ್ತಿದ್ದದ್ದೇ. ಆದರೂ ಮುದುಕನಿಗೆ ಹೇಳದೆ ಇರಲಾಗದು. ಕಮಿಷನರ್ "ಇದು ಬೇಡ, ಬರೀಬೇಡಿ" ಎಂದರೆ ಎಲ್ಲ ಸ್ಟೆನೋಗಳೂ ಪೆನ್ಸಿಲ್ ಕೆಳಗಿಡುತ್ತಾರೆ. ನನ್ನದು ಗಾಣದ ಎತ್ತು, ನಿಲ್ಲು ಅಂದರೆ ನಿಲ್ಲುವುದಲ್ಲ. ವಕೀಲರು ಮಗನ ಶಾಲೆ ಫೀಜಿನ ಮಾತಾಡಲಿ, ಟೀಗೆ ಸಕ್ಕರೆ ಹೆಚ್ಚಾಯಿತು ಅನ್ನಲಿ, ಎಲ್ಲವನ್ನೂ ಬರೆಯುತ್ತಲೇ ಇದ್ದೆ. ಬರೆದು, ಬದಿಯಲ್ಲಿ ಕೆಂಪು ಪೆನ್ಸಿಲಿನ ಗೀಟು ಎಳೆಯುತ್ತಿದ್ದೆ. "ಹೂಂ, ಮುಂದುವರಿಸಿ" ಅಂದ ಕೂಡಲೇ ಗೀಟಿನ ಬುಡಕ್ಕೆ ಒಂದು ಕೊಕ್ಕೆ. ಗೀಟಿನಿಂದ ಕೊಕ್ಕೆಯವರೆಗೆ ಇರುವುದನ್ನು ಟೈಪ್ ಮಾಡಕೂಡದು. ಬೇರೆ ಆಫೀಸಿನಲ್ಲಾಗಿದ್ದರೆ ಇದು ನಡೆಯುತ್ತಿರಲಿಲ್ಲ. ನನ್ನ ಪುಸ್ತಕ ಓದಿ ಟೈಪ್ ಮಾಡುವವರು ಮನೆಯಲ್ಲೇ ಇದ್ದರು, ನಡೆದುಹೋಯಿತು. ಕಾಗದದ ಪ್ರಕಾರ ಟೈಪ್ ಮಾಡುತ್ತಿದ್ದವನು ನಾನು. ಅಡುಗೆ ಮೇಜಿನ ಪ್ರಕಾರ ಅಮ್ಮ.

ಆ ಪುಟದಲ್ಲಿ ಗೀಟಿದೆ. ಕೊಕ್ಕೆ ಇಲ್ಲ.

ಟೀ ಮಾತು ಮುಗಿದಿದೆ, "ಹೂಂ, ಮುಂದುವರಿಸಿ" ಇದೆ, ಕೆಳಗೆ ಕಮಿಷನರ ಪ್ರಶ್ನೆ ಇದೆ, ಫೋರ್‌ಮನ್ನನ ಉತ್ತರ ಇದೆ. ರಟ್ಟಿನವನು ನನಗೆ ಹೇಳಿದ್ದು ಹೇಗೋ ಹಾಗೇ, ವರ್ಬೇಟಿಮ್. ಕೆಂಪು ಗೀಟು ಅದರ ಪಕ್ಕದಲ್ಲೇ ಇಳಿದುಕೊಂಡು ಪುಟದ ಕೊನೆಯವರೆಗೆ ಹೋಗಿದೆ. ಬೇಡದ ಮಾತಿನ ಜೊತೆ ಬೇಕಾದದ್ದೂ ಹೋಯಿತು. ಅವನಿಗೆ ಕನಸು ಬಿದ್ದಿರಲಿಲ್ಲ.

ಆವತ್ತಿನದು ನೆನಪಿದೆ. ಟೀ ಲೋಟ ಎತ್ತುವ ಹೊತ್ತಿಗೆ ಜವಾನ ಬಂದು ಮೇಜಿನ ಮೇಲೆ ಚೀಟಿ ಇಟ್ಟ. ನಿಮ್ಮ ಮನೆಯವರು ಬಿದ್ದಿದ್ದಾರೆ, ಆಸ್ಪತ್ರೆಗೆ ಸೇರಿಸಿದ್ದೇವೆ ಎಂದು. ಕೈ ನಡುಗಿತು, ಕೊಕ್ಕೆ ಬಿಟ್ಟುಹೋಯಿತು. ಆಮೇಲೆ ಆಸ್ಪತ್ರೆ ಹೇಗೆ ಮುಟ್ಟಿದೆನೋ ನನಗೇ ತಿಳಿಯದು.

ಇನ್ನು ಟೈಪಿನ ವಿಷಯ. ಒಂದು ಅಫಿಡವಿಟ್ ಬರೆದಿಟ್ಟಿದ್ದೇನೆ. ನನ್ನ ಹೆಂಡತಿ ಟೈಪ್ ಮಾಡಿದಳು, ಕೊಕ್ಕೆ ಕಾಣದೆ ಮುಂದಿನ ಸಾಕ್ಷಿಯವರೆಗೆ ಬಿಟ್ಟಳು, ನಾನು ಹೋಲಿಸಿ ನೋಡದೆ ಸಹಿ ಹಾಕಿದೆ, ಎಂದು. ಹೋದವರನ್ನು ಯಾರೂ ಕಟಕಟೆಗೆ ಕರೆಯುವುದಿಲ್ಲ. ಆ ಸಂಜೆ ಅಮ್ಮ ಎಲ್ಲಿದ್ದಳೆಂದು ನನಗೆ ಗೊತ್ತು, ನಿನಗೆ ಗೊತ್ತು. ಕೋರ್ಟಿಗೆ ಗೊತ್ತಿಲ್ಲ.

ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ. ಬಾಯಿಗೆ ಬೀಗವಿಲ್ಲ ಅಂದೆಯಲ್ಲ, ಇಗೋ.

ಅಪ್ಪ


ಮಾರ್ಚ್ 15

ಅಪ್ಪ,

ಅಮ್ಮನ ಹೆಸರು ಆ ಕಾಗದದಲ್ಲಿ ಇದ್ದರೆ ನಾನು ಆ ಮನೆಯ ಮೆಟ್ಟಿಲು ಹತ್ತುವುದಿಲ್ಲ.

ಬೀಗ ನೀನು ಹಾಕಿಕೊಂಡದ್ದಲ್ಲ, ನನಗೆ ಹಾಕಿದ್ದು. ಹದಿನೆಂಟು ವರ್ಷ ಇತ್ತು. ತೆಗೆಯುತ್ತೇನೆ.

ಆ ಸಂಜೆ ನೀನು ವಾರ್ಡಿನಿಂದ ಫೋನು ಮಾಡಿ, "ಪುಸ್ತಕ ಜವಾನನ ಕೈಯಲ್ಲಿ ಕಳಿಸಿದೀನಿ, ನಾಳೆ ಹತ್ತು ಗಂಟೆಗೆ ಪ್ರತಿ ಕೊಡಬೇಕು, ಅಮ್ಮ ಮಾಡೋ ಹಾಗೇ ಮಾಡು" ಅಂದೆ. ನನಗೆ ಹತ್ತೊಂಬತ್ತು ವರ್ಷ. ಅಮ್ಮ ಹೇಗಿದ್ದಾಳೆ ಎಂದು ಕೇಳುವಷ್ಟರಲ್ಲಿ ನೀನು ಫೋನು ಇಟ್ಟುಬಿಟ್ಟೆ. ಅಡುಗೆ ಮೇಜಿನ ಮೇಲೆ ಅವಳು ಬೆಳಿಗ್ಗೆ ಅರ್ಧ ಹೆಚ್ಚಿಟ್ಟ ತರಕಾರಿ ಹಾಗೇ ಇತ್ತು. ಅದನ್ನು ಸರಿಸಿ ಟೈಪ್‌ರೈಟರ್ ಇಟ್ಟೆ.

ಕೊಕ್ಕೆ ಕಾಣೋವರೆಗೆ ಬೆರಳು ಎತ್ತಿಟ್ಕೋ ಅಂತ ಕಲಿಸಿದವನು ನೀನು. ಎತ್ತಿಟ್ಟುಕೊಂಡೆ. ಆದರೆ ಓದುತ್ತಾ ಹೋದೆ. "ಹೂಂ, ಮುಂದುವರಿಸಿ" ಓದಿದೆ. ಪ್ರಶ್ನೆ ಓದಿದೆ. ಉತ್ತರ ಓದಿದೆ. ಇದು ಟೀ ಮಾತಲ್ಲ ಎಂದು ನನಗೆ ಗೊತ್ತಾಯಿತು ಅಪ್ಪ. ಗೊತ್ತಾಗಿಯೇ ಬಿಟ್ಟೆ. ಗೀಟನ್ನು ಮೀರುವ ಅಧಿಕಾರ ನನಗಿಲ್ಲ, ಬೆಳಿಗ್ಗೆ ನಿನ್ನನ್ನು ಕೇಳಿ ಆ ಹಾಳೆ ಮತ್ತೆ ಹೊಡೆದರಾಯಿತು ಎಂದುಕೊಂಡು, ಮುಂದೆ ಡಾಕ್ಟರ ಸಾಕ್ಷಿಯ ಏಳು ಪುಟವನ್ನೂ ಟೈಪ್ ಮಾಡಿ ಎದ್ದೆ.

ಬೆಳಿಗ್ಗೆ ನೀನು ಮಂಚದ ಕಬ್ಬಿಣ ಹಿಡಿದು ನಿಂತಿದ್ದೆ. ಅಮ್ಮನಿಗೆ ಮಾತು ನಿಂತುಹೋಗಿತ್ತು. ಅಲ್ಲಿ ಮೇಜು ಇರಲಿಲ್ಲ. ನನ್ನನ್ನು ತಿರುಗಿಸಿ, ಬೆನ್ನ ಮೇಲೆ ಕಾಗದ ಇಟ್ಟು, ಓದದೆ ಸಹಿ ಹಾಕಿದೆ. ಆ ಪೆನ್ನಿನ ಮೊನೆ ಈಗಲೂ ಒಂದೊಂದು ಸಲ ತಾಗುತ್ತದೆ. ಗೀಟಿನ ವಿಷಯ ನಾನು ಕೇಳಲಿಲ್ಲ. ಮಧ್ಯಾಹ್ನ ಅಮ್ಮ ಹೋದಳು. ಆಮೇಲೆ ಯಾವಾಗ ಕೇಳಬೇಕಿತ್ತು, ನೀನೇ ಹೇಳು. ಹದಿಮೂರನೆಯ ದಿನವೇ? ಮೊದಲ ವರ್ಷ ತುಂಬಿದ ದಿನವೇ?

ಜೂನ್ ಆಗಲಿ. ಆದ ಮೇಲೆ ಏನು ಬೇಕಾದರೂ ಬರೆದುಕೊಡುತ್ತೇನೆ. ಅವನಿಗೆ ಏಪ್ರಿಲ್‌ವರೆಗಷ್ಟೇ ಗಡುವು ಎಂದು ಮಾತ್ರ ಹೇಳಬೇಡ. ನನಗೆ ಗೊತ್ತಿದೆ.

ಮಗಳು


ಏಪ್ರಿಲ್ 2

ಸಾರ್,

ನಮಸ್ಕಾರ. ಎಡಗೈ ಅಕ್ಷರ, ಓದಲು ಕಷ್ಟವಾದರೆ ಬೇಜಾರು ಮಾಡಿಕೊಳ್ಳಬೇಡಿ.

ನನ್ನ ಅರ್ಜಿಯ ವಾಯಿದೆ ಹತ್ತೊಂಬತ್ತಕ್ಕೆ ಬಿದ್ದಿದೆ. ನಿಮ್ಮನ್ನು ಸಾಕ್ಷಿಯಾಗಿ ಕರೆಸಲು ವಕೀಲರು ಸಮನ್ಸ್ ಕಳಿಸುತ್ತಾರೆ. ಮುಂಚೆಯೇ ತಿಳಿಸಬೇಕು ಅನ್ನಿಸಿತು. ನಿಮ್ಮ ಮನೆಯ ಮುಂದೆ ಎರಡು ಸಲ ಬಂದು, ತಟ್ಟದೆ ಹೋದೆ. ನೀವು ಕಿಟಕಿಯಲ್ಲಿ ಕೂತು ಹಳೆಯ ಪುಸ್ತಕ ನೋಡುತ್ತಿದ್ದಿರಿ. ಒಂದೇ ಪುಟವನ್ನು ತುಂಬ ಹೊತ್ತು ನೋಡುತ್ತಿದ್ದಿರಿ.

ದುಡ್ಡಿನ ಆಸೆ ಇಲ್ಲ ಎಂದರೆ ಸುಳ್ಳಾಗುತ್ತದೆ. ಇದೆ. ಆದರೆ ಮನೆಯಲ್ಲಿ ಮೊಮ್ಮಗಳು ಬಾಗಿಲ ಸಂದಿಗೆ ಕೈ ಇಟ್ಟರೆ ಸಾಕು, ನನ್ನ ಹೆಂಡತಿ, ತಾತನ ಹಾಗೆ ನೀನೇ ಹೋಗಿ ಕೈ ಕೊಡಬೇಡ ಎನ್ನುತ್ತಾಳೆ. ಅವಳದು ಕೆಟ್ಟ ಬುದ್ಧಿಯಲ್ಲ. ಕೋರ್ಟಿನಲ್ಲಿ ಬರೆದಿದ್ದನ್ನು ನಂಬಿದ್ದಾಳೆ. ಆಗ ಮಗು ನನ್ನ ಕೈ ನೋಡುತ್ತದೆ. ಅದಕ್ಕೆ ನಿಮ್ಮ ಬಾಗಿಲಿಗೆ ಬಂದೆ.

ಬರಲು ಆಗದಿದ್ದರೆ ಪರವಾಗಿಲ್ಲ ಎಂದು ಬರೆಯಲು ಕೂತೆ. ಬರೆಯಲು ಆಗಲಿಲ್ಲ.

ನಲ್ಲಿಗೆ ನನ್ನ ಚೀಲದಲ್ಲಿದ್ದ ಹಳೆ ಟ್ಯೂಬಿನ ತುಂಡು ಹಾಕಿದ್ದೇನೆ. ತುಂಬ ಬಿಗಿ ತಿರುವಬೇಡಿ.

ಇಂತಿ ನಿಮ್ಮ ವಿಶ್ವಾಸಿ,
ಮೂವತ್ತಮೂರನೆಯ ಹಾಳೆಯವನು


ಏಪ್ರಿಲ್ 20

ಬೆರಳಚ್ಚಮ್ಮ,

ನಿನ್ನೆ ಹೋಗಿದ್ದೆ. ಅದೇ ಕೋಣೆ. ಗೋಡೆಗೆ ಬಣ್ಣ ಬೇರೆ, ಫ್ಯಾನಿನ ಸದ್ದು ಅದೇ. ನನ್ನ ಮೇಜಿದ್ದ ಕಡೆ ಒಬ್ಬ ಹುಡುಗಿ ಪುಟ್ಟ ಮೆಷಿನ್ನು ಇಟ್ಟುಕೊಂಡು ಕೂತಿದ್ದಳು, ನೀನು ಕೂರುವ ಹಾಗೇ, ಬೆನ್ನು ನೆಟ್ಟಗೆ. ಮೂವತ್ತಾರು ವರ್ಷ ಅಲ್ಲಿದ್ದೂ ಕಟಕಟೆಯೊಳಗೆ ಕಾಲಿಟ್ಟವನಲ್ಲ. ಒಳಗಿನಿಂದ ನೋಡಿದರೆ ಸ್ಟೆನೋ ಎಷ್ಟು ಹತ್ತಿರ ಇರುತ್ತಾನೆ ಅಂತೀಯ. ಕೈ ಚಾಚಿದರೆ ಸಿಗುತ್ತಾನೆ.

ಪುಸ್ತಕ ಓದಿ ಹೇಳಿದೆ. ಪ್ರಶ್ನೆ, ಉತ್ತರ, ಎರಡೂ. ರಟ್ಟಿನವನು ಬೆಂಚಿನ ತುದಿಯಲ್ಲಿ ನನ್ನ ಕೈಯನ್ನೇ ನೋಡುತ್ತಿದ್ದ. ಕಾರ್ಖಾನೆಯ ವಕೀಲ ಎದ್ದ. ಎಳೆಯ, ನುಣ್ಣಗೆ ತಲೆ ಬಾಚಿದವನು. ಪಾಟೀಸವಾಲು ಅಂದರೆ ಹಬೆ ಬಿಡದೆ ಬೇಯಿಸುವುದು ಎಂದು ಚೆನ್ನಾಗಿ ಕಲಿತಿದ್ದಾನೆ.

"ಯಜಮಾನ್ರೇ, ಕೋಳಿ ಕೆದರಿದ ಹಾಗಿರೋ ಇದನ್ನ ಶಾರ್ಟ್‌ಹ್ಯಾಂಡ್ ಅಂತೀರ?"

"ಕೋಳಿ ಮೂವತ್ತಾರು ವರ್ಷ ಸರ್ವೀಸ್ ಮಾಡಲ್ಲ ಸ್ವಾಮಿ."

ನಕ್ಕರು. ಅವನೂ ನಕ್ಕ. ನಾನೂ ನಕ್ಕೆ. ಅದೇ ತಪ್ಪು, ವಕೀಲ ನಕ್ಕಾಗ ಸಾಕ್ಷಿ ಸಡಿಲವಾಗಬಾರದು.

"ನಮ್ಮ ಜೊತೆ ಬಂದಿರೋ ಇಬ್ಬರು ಸ್ಟೆನೋಗಳಿಗೆ ಈಗ ತಾನೆ ತೋರಿಸಿದ್ವಿ. ಒಂದು ಸಾಲೂ ಓದೋಕಾಗಲಿಲ್ಲ."

"ಆಗಲ್ಲ. ಅರ್ಧ ಗುರುತು ನಾನೇ ಕಟ್ಟಿಕೊಂಡದ್ದು."

"ಹಾಗಾದ್ರೆ ಇಲ್ಲಿ ಬರೆದಿರೋದು ಗಿಣಿ ಕಥೆ ಅಂತ ನೀವು ಹೇಳಿದ್ರೂ ನಾವು ನಂಬಬೇಕು?"

"ಗಿಣಿ ಕಥೆ ಇದ್ರೆ ಗಿಣಿ ಕಥೆ ಅಂತಲೇ ಓದ್ತೀನಿ."

"ನಿಮ್ಮನ್ನ ಬಿಟ್ಟು ಇದನ್ನ ಓದಬಲ್ಲವರು ಭೂಮಿ ಮೇಲೆ ಇನ್ಯಾರೂ ಇಲ್ವಾ?"

ಇದ್ದಾಳೆ ಅಂದರೆ, ಮುಂದಿನ ಪ್ರಶ್ನೆ ಟೈಪ್ ಮಾಡಿದ್ದು ಯಾರು ಎಂದೇ. ಇಲ್ಲ ಅಂದರೆ, ಪ್ರಮಾಣ ಮಾಡಿದ ಬಾಯಲ್ಲಿ ಸುಳ್ಳು, ಮತ್ತೆ ರಟ್ಟಿನವನ ಕೇಸು ಅಲ್ಲಿಗೆ ಮುಗಿಯಿತು. ಸುಮ್ಮನೆ ನಿಂತೆ. ಆ ಹುಡುಗಿಯ ಬೆರಳು ಮೆಷಿನ್ನಿನ ಮೇಲೆ ನಿಂತಿತು. ಫ್ಯಾನು ತಿರುಗುತ್ತಿತ್ತು. ಈಗಿನ ಕಮಿಷನರ್ ಹೆಂಗಸು, ಗಟ್ಟಿ. ಕನ್ನಡಕದ ಮೇಲಿಂದ ನೋಡಿ, "ಸಾಕ್ಷಿ ಉತ್ತರ ಕೊಡದೆ ಮೌನವಾಗಿದ್ದಾರೆ ಅಂತ ಬರ್ಕೊಳ್ಳಮ್ಮ" ಅಂದರು. ಹುಡುಗಿ ಬರೆದುಕೊಂಡಳು. ನನ್ನ ಸರ್ವೀಸಿನಲ್ಲಿ ನಾನು ಒಂದು ಮೌನವನ್ನೂ ಬರೆದಿರಲಿಲ್ಲ. ಯಾರಾದರೂ ಸುಮ್ಮನಾದರೆ ಪೆನ್ಸಿಲ್ ಚೂಪು ಮಾಡಿಕೊಳ್ಳುತ್ತಿದ್ದೆ. ಸೈಲೆನ್ಸ್ ಈಸ್ ಸಿಲ್ವರ್ರೋ ಗೋಲ್ಡೋ ಏನೋ ಓದಿದ್ದೆವಲ್ಲ. ಯಾವುದೂ ಅಲ್ಲ. ಸೀಸ. ನಾಲಿಗೆ ಮೇಲೆ ಇಟ್ಟ ಹಾಗಿತ್ತು.

ಇಪ್ಪತ್ತಾರಕ್ಕೆ ಕೊನೆಯ ವಾಯಿದೆ. ಪುಸ್ತಕ ಓದಬಲ್ಲ ಎರಡನೆಯವರು ಯಾರಾದರೂ ಇದ್ದರೆ ತರಬೇಕು, ಇಲ್ಲದಿದ್ದರೆ ಅರ್ಜಿ ವಜಾ ಎಂದರು. ಪುಸ್ತಕ ಅವರೇ ಇಟ್ಟುಕೊಂಡರು. ಹೊರಗೆ ಮೆಟ್ಟಿಲ ಮೇಲೆ ರಟ್ಟಿನವನು ನನ್ನ ಹತ್ತಿರ ಬಂದು, "ಸುಳ್ಳು ಹೇಳಲಿಲ್ವಲ್ಲ ಸಾರ್, ಅಷ್ಟು ಸಾಕು" ಎಂದು ಹೇಳಿ ಹೋದ. ಅವನು ಬೈದಿದ್ದರೆ ಮೇಲಿತ್ತು.

ಮನೆಗೆ ಬಂದು ಅಮ್ಮನ ಹೆಸರಿನ ಅಫಿಡವಿಟ್ ಹರಿದೆ. ಹರಿಯುವ ಕೈ ನನ್ನದಲ್ಲ ಅಂದಿದ್ದೆ. ಕಲಿತೆ.

ನಿನ್ನನ್ನು ಬಾ ಅನ್ನುವುದಿಲ್ಲ. ಬರಬೇಡ ಎಂದೂ ಅನ್ನುವುದಿಲ್ಲ.

ಅಪ್ಪ


ಏಪ್ರಿಲ್ 23

ಅಪ್ಪ,

ಇಪ್ಪತ್ತಾರಕ್ಕೆ ಮೊದಲ ಬಸ್ಸಿಗೆ ಬರುತ್ತೇನೆ. ಮನೆಗೆ ಬರುವುದಿಲ್ಲ, ಸೀದಾ ಕೋರ್ಟಿಗೆ. ನಾವಿಬ್ಬರೂ ಮೊದಲು ಮಾತಾಡಿಕೊಂಡೆವು ಎಂದು ಯಾರೂ ಹೇಳಕೂಡದು.

ಇಲ್ಲಿಯ ಮೇಲಧಿಕಾರಿಗೆ ಎಲ್ಲವನ್ನೂ ಬರೆದುಕೊಟ್ಟಿದ್ದೇನೆ. ಅವರು ರಜೆ ಅರ್ಜಿ ಎಂದುಕೊಂಡು, "ಹೋಗಿ ಬಾಮ್ಮ, ಆರಾಮಾಗಿ ಬಾ" ಎಂದು ಓದದೆ ಸಹಿ ಹಾಕಿದರು. ಓದದೆ ಸಹಿ ಹಾಕುವವರು ಎಲ್ಲ ಕಡೆಯೂ ಇದ್ದಾರೆ. ನಾನೇ, ದಯವಿಟ್ಟು ಓದಿ ಸಾರ್ ಅಂದೆ. ಓದಿದರು. ಆಮೇಲೆ ಕಾಗದವನ್ನು ಫೈಲಿಗೆ ಸೇರಿಸಿದರು.

ಮಗಳು


ಮೇ 4

ಬೆರಳಚ್ಚಮ್ಮ,

ಪಟ್ಟಿಯಿಂದ ನಿನ್ನ ಹೆಸರು ತೆಗೆದಿದ್ದಾರೆ, ವಿಚಾರಣೆ ಇಟ್ಟಿದ್ದಾರೆ ಎಂದು ನೀನು ಫೋನಿನಲ್ಲಿ ಹೇಳಿದಾಗ ನಾನು ನಲ್ಲಿಯ ವಿಷಯ ಮಾತಾಡಿದೆ. ಬೇರೆ ಏನು ಮಾತಾಡಲೂ ಗೊತ್ತಾಗಲಿಲ್ಲ. ಅದಕ್ಕೇ ಮಧ್ಯಾಹ್ನದಿಂದ ಕಿಟಕಿ ಪಕ್ಕ ಕೂತು ಇದನ್ನು ಬರೆಯುತ್ತಿದ್ದೇನೆ.

ಇಪ್ಪತ್ತಾರಕ್ಕೆ ಕೋರ್ಟಿನಲ್ಲಿ ನಿನ್ನನ್ನು ಪಕ್ಕದ ಕೋಣೆಯಲ್ಲಿ ಕೂರಿಸಿದ್ದರಲ್ಲ, ಒಳಗೆ ಏನು ನಡೆಯಿತೆಂದು ನಿನಗೆ ಗೊತ್ತಿಲ್ಲ. ಕಮಿಷನರ್ ಜಾಣೆ. ಜಗಳದ ಸಾಲು ಕೊಟ್ಟರೆ ಮನೆಯಲ್ಲಿ ಉರುಹೊಡೆದು ಬಂದಿದ್ದಾರೆ ಅನ್ನುತ್ತಾರೆಂದು, ಅದಕ್ಕಿಂತ ಮುಂಚಿನ ಟೀ ಮಾತನ್ನು ತೆರೆದು, "ಇದನ್ನ ಓದಿ" ಅಂದರು. ಯಾರೂ ಎಂದೂ ಟೈಪ್ ಮಾಡದ ಮಾತು. ನಾನು ಓದಿದೆ: ಸಕ್ಕರೆ ಹೆಚ್ಚಾಯಿತು ಅಂತ ಕಮಿಷನರ್, ಹೊಸ ಬೂಟು ಕಚ್ಚುತ್ತಿದೆ, ಒಂದು ನಿಮಿಷ ಬಿಚ್ಚಿಟ್ಟುಕೊಳ್ಳುತ್ತೇನೆ ಅಂತ ಕಾರ್ಖಾನೆಯ ವಕೀಲ, ಬಿಚ್ಚಿದರೆ ನಾವು ಟೀ ಕುಡಿಯೋದು ಹೇಗೆ ಅಂತ ಮತ್ತೆ ಕಮಿಷನರ್. ಹುಡುಗಿ ಅದೇ ಪುಟವನ್ನು ನಿನ್ನ ಕೋಣೆಗೆ ಒಯ್ದು, ನೀನು ಓದಿದ್ದನ್ನು ಬರೆದುಕೊಂಡು ತಂದಳು. ಸಕ್ಕರೆ, ಬೂಟು, ಟೀ. ಅಕ್ಷರ ಬಿಡದೆ ಒಂದೇ. ಎಳೆಯ ವಕೀಲ ಎದ್ದು, "ಆ ಬೂಟು ನಮ್ಮ ಸೀನಿಯರ್‌ದು ಮೇಡಂ, ಈಗಲೂ ಹಾಗೇ ಬಿಚ್ಚಿಡ್ತಾರೆ" ಎಂದು ತಾನೇ ಕೂತುಬಿಟ್ಟ. ನಗು ತಡೆಯಲಾಗಲಿಲ್ಲ ಅವನಿಗೆ. ನನ್ನ ಕೆಟ್ಟ ಚಾಳಿಯೇ ಸಾಕ್ಷಿ ಹೇಳಿತು.

ಆಮೇಲೆ ನಿನ್ನನ್ನು ಕರೆಸಿದರು. ನೀನು ಆ ಪ್ರಶ್ನೆ, ಆ ಉತ್ತರ ಓದಿದೆ. ಯಾರೂ ಕೇಳುವ ಮುಂಚೆಯೇ, "ಇದನ್ನ ಬಿಟ್ಟು ಟೈಪ್ ಮಾಡಿದವಳು ನಾನು. ಗೊತ್ತಿದ್ದೂ ಬಿಟ್ಟೆ" ಅಂದೆ. ನಿನ್ನ ಧ್ವನಿ ಅಮ್ಮನ ಹಾಗಿತ್ತು. ಫೋರ್‌ಮನ್ನನ ಮಾತನ್ನು ದಾಖಲೆಗೆ ಸೇರಿಸಬೇಕು, ಪರಿಹಾರದ ಪ್ರಶ್ನೆ ಹೊಸದಾಗಿ ನೋಡಬೇಕು ಎಂದು ಆದೇಶ ಆಯಿತು. ಅದರ ಒಂದು ನಕಲು ನಿನ್ನ ಆಫೀಸಿಗೆ ಹೋಗಬೇಕು ಎಂದಾಗ ನೀನು ಪೆನ್ನಿನ ಮುಚ್ಚಳ ಹಾಕುತ್ತಿದ್ದೆ. ನೀನು ಹೊರಗೆ ಸಹಿ ಮಾಡಲು ಹೋದ ಮೇಲೆ ರಟ್ಟಿನವನು ಆ ಹುಡುಗಿಯ ಮೇಜಿನ ಹತ್ತಿರ ಬಂದು, "ಅಮ್ಮಾ, ಆ ಸಾಲು ಇನ್ನೊಂದ್ಸಲ ಓದ್ತೀರಾ?" ಅಂದ. ಓದಿದಳು. ಇನ್ನೊಂದು ಸಲ ಅಂದ. ಓದಿದಳು. ಬಲಗೈಯನ್ನು ಮೇಜಿನ ಮೇಲೆ ಇಟ್ಟುಕೊಂಡು ಕೇಳಿದ. ಜೇಬಿಗೆ ವಾಪಸ್ಸು ಹಾಕಿದ್ದನ್ನು ನಾನು ನೋಡಲಿಲ್ಲ.

ಇನ್ನು ಬಸ್‌ಸ್ಟ್ಯಾಂಡಿನ ಮಾತು. ನೀನು ಕೇಳಿದೆ: "ಅಪ್ಪ, ಚೀಟಿ ಬಂದಾಗ ಕೈ ನಡುಗಿತು ಅಂತ ಬರೆದಿದ್ದೆ. ಆ ಪುಟ ಈವತ್ತು ಮತ್ತೆ ನೋಡಿದೆ. ಕೈ ನಡುಗಿಲ್ಲ. ಮುಂದಿನ ಏಳು ಪುಟದಲ್ಲೂ ನಡುಗಿಲ್ಲ." ನಾನು "ಬಸ್ಸು ಬಂತು ನೋಡು" ಅಂದೆ. ಅದು ನಿನ್ನ ಬಸ್ಸು ಕೂಡ ಆಗಿರಲಿಲ್ಲ.

ಇಲ್ಲಿಂದ ಬದಿಯಲ್ಲಿ ಕೆಂಪು ಗೀಟು ಎಳೆದಿದ್ದೇನೆ, ಕಾಣುತ್ತದಲ್ಲ. ಕೆಳಗಿನದು ನಿನಗೆ ಮಾತ್ರ.

ಚೀಟಿ ಬಂದ ಕೂಡಲೇ ಓದಿದೆ. ಓದಿ ಪುಸ್ತಕದ ಅಡಿಗೆ ಇಟ್ಟೆ. ಕೊಕ್ಕೆ ಹಾಕುವುದು ಆಗಲೇ ಮರೆತದ್ದು. ಫೋರ್‌ಮನ್ನನ ಉತ್ತರ ಬರೆದೆ. ಅವನು ಇಳಿದ, ಡಾಕ್ಟರು ಹತ್ತಿದರು, ಏಳು ಪುಟ ಬರೆದೆ. ಆ ಕಮಿಷನರ್ ಒಳ್ಳೆಯವರು, ಒಂದು ಮಾತು ಹೇಳಿದ್ದರೆ ಕಳಿಸುತ್ತಿದ್ದರು. ಹೇಳಲಿಲ್ಲ. ಸ್ಟೆನೋ ಎದ್ದರೆ ಕೋರ್ಟೇ ನಿಲ್ಲುತ್ತದೆ ಎಂಬ ಹಮ್ಮು ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಅದೂ ಅಲ್ಲ. ನಾನು ಬರೆಯುತ್ತಾ ಇರುವವರೆಗೆ ಚೀಟಿಯಲ್ಲಿದ್ದದ್ದು ಆಗಿಲ್ಲ ಅನ್ನಿಸುತ್ತಿತ್ತು. ಕೈ ನಿಂತರೆ ಆಗಿಬಿಡುತ್ತದೆ ಎಂದು.

ನಾನು ವಾರ್ಡಿಗೆ ಹೋಗುವ ಹತ್ತು ನಿಮಿಷ ಮುಂಚೆ ಅಮ್ಮನ ಮಾತು ನಿಂತಿತ್ತು. "ನಿಮಗೆ ಏನೋ ಹೇಳ್ಬೇಕು ಅಂತಿದ್ರು, ಬಂದ್ರಾ ಬಂದ್ರಾ ಅಂತ ಕೇಳ್ತಾನೇ ಇದ್ರು" ಎಂದರು ನರ್ಸು. ಏನು ಅಂತ ಹೇಳಿದರೇ ಎಂದು ನಾನು ನರ್ಸನ್ನು ಕೇಳಲಿಲ್ಲ. ಕೇಳಿದ್ದರೆ, ಎಷ್ಟು ಹೊತ್ತಿಗೆ ಎಂದೂ ಕೇಳಬೇಕಾಗುತ್ತಿತ್ತು. ಆ ಏಳು ಪುಟದ ಹೊತ್ತು.

ಮರುದಿನ ನೀನು ಪ್ರತಿ ತಂದಾಗ ಓದದೆ ಸಹಿ ಹಾಕಿದ್ದು ದುಃಖದಿಂದ ಅಲ್ಲ ಮಗಳೇ. ಆ ಪುಟಗಳು ನನ್ನ ಕಣ್ಣಿಗೆ ಬೀಳುವುದು ಬೇಡವಾಗಿತ್ತು. ಓದಿದ್ದರೆ ಕೊಕ್ಕೆ ಇಲ್ಲದ್ದು ಅಲ್ಲೇ ಕಾಣುತ್ತಿತ್ತು. ನೀನು ಏನೋ ಕೇಳಲು ಬಾಯಿ ತೆರೆದಿದ್ದೆ. ಅದು ನನಗೆ ಕಂಡಿತ್ತು. ಅದಕ್ಕೇ ನಿನ್ನನ್ನು ತಿರುಗಿಸಿ ಬೆನ್ನ ಮೇಲೆ ಕಾಗದ ಇಟ್ಟದ್ದು. ಮೇಜು ಇತ್ತು. ಮಂಚದ ಆಚೆ, ಔಷಧಿಯ ಮೇಜು.

ಗೀಟು ಎಳೆದು ಶುರುಮಾಡಿದೆ. ಈಗ ಮೇಲಿಂದ ಓದಿ ನೋಡಿದರೆ, ನಿನ್ನ ವಿಚಾರಣೆಯವರು ಓದಬೇಕಾದದ್ದು ಇದನ್ನೇ. ಅವರು ಕರೆದರೆ ಬಂದು ಬಾಯಲ್ಲಿ ಹೇಳುತ್ತೇನೆ. ಕರೆಯದಿದ್ದರೆ ಈ ಕಾಗದವನ್ನೇ ಕೊಡು. ಗೀಟು ಅಳಿಸೋಣವೆಂದು ರಬ್ಬರಿಗಾಗಿ ಡ್ರಾಯರು ತಡಕಿದೆ, ಸಿಗಲಿಲ್ಲ. ಎದುರು ಮನೆಯ ಗೋಡೆಯ ಮೇಲಿನ ಬಿಸಿಲು ಹೋಗಿ ಆಗಲೇ ಎಷ್ಟು ಹೊತ್ತಾಯಿತೋ, ನಾನು ನೋಡಿರಲಿಲ್ಲ. ಕೆಂಪು ಪೆನ್ಸಿಲ್ ಯಾವುದು, ನೀಲಿ ಶಾಯಿ ಯಾವುದು, ಈ ಬೆಳಕಿನಲ್ಲಿ ಗೊತ್ತಾಗುತ್ತಿಲ್ಲ. ಗೀಟು ಎಲ್ಲಿಯವರೆಗೆ ಬಂದಿದೆಯೆಂದೂ ಕಾಣುತ್ತಿಲ್ಲ. ಕೊಕ್ಕೆಗೆ ಕಾಯಬೇಡ. ಎಲ್ಲವನ್ನೂ ಟೈಪ್ ಮಾಡು.

ಅಪ್ಪ